‘ಸಿದ್ಧತೆ ಆಗಿದೆಯೇ?’ ಅಂತ ಮಾತ್ರ ಕೇಳಬಾರದು

2018ರ ಅಕ್ಟೋಬರಿನಿಂದ ಹದಿಮೂರು ತಿಂಗಳು ನಾನು ಲಂಡನ್ನಿನಲ್ಲಿ ವಿರೋಧ ಪಕ್ಷದ ಸಂಸದೆಯೊಬ್ಬರ ಕಚೇರಿಯಲ್ಲಿ ಪ್ರಶ್ನೆ ಬರೆಯುವ ಕೆಲಸ ಮಾಡಿದೆ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬೀಳಲು ಹೊರಟಿದ್ದ ಕಾಲ ಅದು, ಬ್ರೆಕ್ಸಿಟ್ ಅನ್ನುವುದು ಅದಕ್ಕೇ. ಯಾವ ಒಪ್ಪಂದವೂ ಇಲ್ಲದೆ ಹೊರಬಿದ್ದರೆ ಬಂದರುಗಳ ಗತಿಯೇನು, ಅದಕ್ಕೆ ಸರ್ಕಾರ ಎಷ್ಟು ದುಡ್ಡು ಎತ್ತಿಟ್ಟಿದೆ, ಆ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಸದನದಲ್ಲಿ ಕೇಳುವುದು ನಮ್ಮ ಮೇಡಂ ಕೆಲಸ. ಕೇಳಬೇಕಾದ್ದನ್ನು ಹಾಳೆ ಮೇಲೆ ಇಳಿಸುವುದು ನನ್ನದು.

ನನ್ನ ಮೊದಲ ಪ್ರಶ್ನೆ ನೆನಪಿಸಿಕೊಂಡರೆ ಇವತ್ತಿಗೂ ನಾಚಿಕೆ. ಒಪ್ಪಂದವಿಲ್ಲದೆ ಹೊರಬಂದರೆ ಬಂದರುಗಳಲ್ಲಿ ಅಡಚಣೆಯಾಗದಂತೆ ಇಲಾಖೆ ಅಗತ್ಯ ಸಿದ್ಧತೆ ಮಾಡಿಕೊಂಡಿದೆಯೇ? ಇದು ನಾನು ಕೇಳಿದ್ದು. ಎಲ್ಲ ಸಾಧ್ಯತೆಗಳಿಗೂ ಸಿದ್ಧತೆ ನಡೆಯುತ್ತಿದೆ ಎನ್ನುವ ಅರ್ಥದ ಎರಡು ಸಾಲು ಉತ್ತರ ಬಂತು. ನಮ್ಮೂರ ಕಡೆ ಇದಕ್ಕೆ ಹಾರಿಕೆ ಉತ್ತರ ಅನ್ನುತ್ತಾರೆ. ಆದರೆ ತಪ್ಪು ಅವರದಲ್ಲ, ಹಾರಿಹೋಗಲು ಅಷ್ಟು ದೊಡ್ಡ ಬಾಗಿಲು ತೆರೆದಿಟ್ಟಿದ್ದು ನಾನು. ಮೇಡಂ ಅದನ್ನು ಓದಿ, “‘ಹೌದು’ ಅಂತ ಹೇಳಿ ಮುಗಿಸಬಹುದಾದ ಪ್ರಶ್ನೆ ಇನ್ನು ಮೇಲೆ ಬೇಡ” ಅಂದರು. ಆಮೇಲಿನ ಹದಿಮೂರು ತಿಂಗಳು ನಾನು ಕಲಿತಿದ್ದೆಲ್ಲ ಈ ಒಂದು ಮಾತಿನ ವಿಸ್ತರಣೆ.

ನಾನು ತಿಪಟೂರಿನವನು. ಅಪ್ಪನದು ಕೊಬ್ಬರಿ ಮಂಡಿ. ಜಿಎಸ್‌ಟಿ ಬರುವ ಮುಂಚೆ ಉತ್ತರದ ಕಡೆ ಹೋಗುವ ಲೋಡು ರಾಜ್ಯದ ಗಡಿಯ ಚೆಕ್‌ಪೋಸ್ಟಿನಲ್ಲಿ ನಿಂತರೆ ನಿಂತೇಬಿಡುತ್ತಿತ್ತು. ಒಂದು ಫಾರಂ ಕಡಿಮೆ ಅಂತ ಲಾರಿ ರಾತ್ರಿಯಿಡೀ ನಿಂತದ್ದು, ಅಪ್ಪ ಫೋನು ಹಿಡಿದು ಅಂಗಳದಲ್ಲಿ ಓಡಾಡಿದ್ದು ನನಗೆ ಚೆನ್ನಾಗಿ ನೆನಪಿದೆ. 2017ರ ಜುಲೈನಲ್ಲಿ ಭಾರತ ಆ ಚೆಕ್‌ಪೋಸ್ಟುಗಳನ್ನು ಕಿತ್ತುಹಾಕುತ್ತಿದ್ದಾಗ, ಬ್ರಿಟನ್ ತಾನಾಗಿಯೇ ಒಂದನ್ನು ಕಟ್ಟಿಕೊಳ್ಳುವ ಮಾತಾಡುತ್ತಿತ್ತು. ಫ್ರಾನ್ಸಿಗೆ ಎದುರಿನ ಡೋವರ್ ಬಂದರಿನಲ್ಲಿ ಆಗ ದಿನಕ್ಕೆ 10,000ದವರೆಗೆ ಲಾರಿಗಳು ದಾಟುತ್ತಿದ್ದವು. ಒಂದೊಂದು ಲಾರಿಯ ತಪಾಸಣೆಗೆ ಎರಡೇ ನಿಮಿಷ ಹೆಚ್ಚಾದರೂ 17 ಮೈಲಿ ಸಾಲು ನಿಲ್ಲುತ್ತದೆ ಅಂತ ಬಂದರಿನವರೇ ಹೇಳಿದ್ದರು. ಕಚೇರಿಯಲ್ಲಿ ಬೇರೆಯವರಿಗೆ ಅದು ಒಂದು ಅಂಕಿ. ನನಗೆ ಮಾತ್ರ ಅಂಗಳದಲ್ಲಿ ಓಡಾಡುವ ಅಪ್ಪ ಕಾಣಿಸುತ್ತಿದ್ದರು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಾನು ಎಡವಿದ್ದೂ ಅಲ್ಲೇ.

2017ರ ನವೆಂಬರ್ ಬಜೆಟ್ಟಿನಲ್ಲಿ ಬ್ರೆಕ್ಸಿಟ್ ಸಿದ್ಧತೆಗೆ 300 ಕೋಟಿ ಪೌಂಡ್ ಘೋಷಣೆಯಾಗಿತ್ತು, ವರ್ಷಕ್ಕೆ 150ರಂತೆ ಎರಡು ವರ್ಷಕ್ಕೆ. ಮರುವರ್ಷ ಅಕ್ಟೋಬರಿನ ಬಜೆಟ್ಟಿನಲ್ಲಿ 2019-20ಕ್ಕೆ ಇನ್ನೊಂದು 50 ಕೋಟಿ ಸೇರಿತು. 2016ರಿಂದ ಹಿಡಿದು ಎಲ್ಲ ಸೇರಿಸಿ 420 ಕೋಟಿ ಅಂತ ಸರ್ಕಾರ ಹೇಳಿಕೊಳ್ಳುತ್ತಿತ್ತು. ಡಿಸೆಂಬರ್ 18ರಂದು ಸಚಿವ ಸಂಪುಟ ಒಪ್ಪಂದವಿಲ್ಲದ ಸ್ಥಿತಿಗೆ ಪೂರ್ತಿ ಸಿದ್ಧತೆ ಶುರುಮಾಡಲು ತೀರ್ಮಾನಿಸಿತು. ಅವತ್ತೇ 200 ಕೋಟಿಯ ಹಂಚಿಕೆಯೂ ಹೊರಬಿತ್ತು: ಗೃಹ ಖಾತೆಗೆ 48 ಕೋಟಿ, ಪರಿಸರ ಮತ್ತು ಆಹಾರ ಖಾತೆಗೆ 41 ಕೋಟಿ, ತೆರಿಗೆ-ಸುಂಕದ ಇಲಾಖೆಗೆ 37.5 ಕೋಟಿ, ಹೀಗೆ. ಪತ್ರಿಕೆಗಳಲ್ಲಿ ದೊಡ್ಡ ತಲೆಬರಹ. ನಾನು ಹುರುಪಿನಲ್ಲಿ 420ಕ್ಕೆ 200 ಕೂಡಿಸಿ 620 ಮಾಡಿ ಮೇಡಂ ಕೈಗೆ ಟಿಪ್ಪಣಿ ಕೊಟ್ಟೆ.

ಆ 200 ಕೋಟಿ ಹೊಸ ದುಡ್ಡೇ ಅಲ್ಲ. ಹಳೆಯ 150, ಅದರ ಮೇಲೆ ಅಕ್ಟೋಬರಿನ 50. ಮೊದಲೇ ಘೋಷಿಸಿದ್ದನ್ನು ಈಗ ಇಲಾಖೆಗಳಿಗೆ ಬಡಿಸಿದ್ದು, ಅಷ್ಟೇ. ಮೇಡಂ ಒಂದು ಚರ್ಚೆಯಲ್ಲಿ 620 ಅಂದರು. ಎದುರಿನ ಬೆಂಚಿನಿಂದ ಒಬ್ಬರು ಎದ್ದು, ಮಾನ್ಯ ಸದಸ್ಯರು ಒಂದೇ ಹಣವನ್ನು ಎರಡು ಸಲ ಎಣಿಸಿದ್ದಾರೆ ಅಂತ ನಗುನಗುತ್ತಾ ಹೇಳಿ ಕೂತರು. ಅವರು ನಕ್ಕಿದ್ದಕ್ಕಿಂತ ಮೇಡಂ ನನ್ನನ್ನು ಬೈಯದೇ ಇದ್ದದ್ದು ಹೆಚ್ಚು ಚುಚ್ಚಿತು.

ಅವತ್ತಿನಿಂದ ಮೇಜಿನ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಗೀಚಿಕೊಂಡೆ: ಘೋಷಿಸಿದ್ದು, ಹಂಚಿದ್ದು, ಖರ್ಚಾದದ್ದು, ಬೇರೆ ಬಾಬ್ತಿನಿಂದ ಎಳೆದುಕೊಂಡದ್ದು. ಯಾವ ಅಂಕಿ ಬಂದರೂ ಮೊದಲು ಅದರ ಕಾಲಂ ಹುಡುಕಬೇಕು. ಮಂತ್ರಿಗಳು ಯಾವಾಗಲೂ ಮೊದಲ ಕಾಲಂನಿಂದ ಮಾತಾಡುತ್ತಾರೆ, ಅದೇ ದೊಡ್ಡದಿರುವುದು. ಮೂರನೆಯದರ ಸುಳಿವು ಸಿಗಬೇಕಾದರೆ ಫೆಬ್ರವರಿಯಲ್ಲಿ ಬರುವ ಪೂರಕ ಅಂದಾಜುಗಳ ಜೊತೆಗಿನ ವಿವರಣಾ ಟಿಪ್ಪಣಿ ಓದಬೇಕು. ನಿದ್ದೆ ಬರಿಸುವ ದಾಖಲೆ. ಆದರೆ ಯಾವ ಇಲಾಖೆ ಕೊಟ್ಟ ದುಡ್ಡು ಖರ್ಚು ಮಾಡಲಾಗದೆ ಕೈಚೆಲ್ಲಿದೆ, ಯಾವುದು ಇನ್ನೂ ಬೇಕೆಂದು ಕೈಚಾಚಿದೆ ಎನ್ನುವುದು ಅಲ್ಲಿ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆಯನ್ನು ಐದು ಇಲಾಖೆಗಳಿಗೆ ಒಟ್ಟಿಗೆ ಕಳಿಸುತ್ತಿದ್ದೆ. ಇಂಥ ದಿನವೇ ಉತ್ತರ ಬೇಕು ಎಂದು ಕೇಳುವ ಪ್ರಶ್ನೆಗಳು ಒಬ್ಬ ಸದಸ್ಯರಿಗೆ ದಿನಕ್ಕೆ ಐದೇ, ಐದನ್ನೂ ಅದಕ್ಕೇ ಸುರಿಯುತ್ತಿದ್ದೆ. ನಾಲ್ವರು ಲೆಕ್ಕಪತ್ರ ಮುಂದೆ ಪ್ರಕಟವಾಗುತ್ತದೆ ಅನ್ನುತ್ತಿದ್ದರು. ಐದನೆಯ ಇಲಾಖೆಯಲ್ಲಿ ಯಾರೋ ಪಾಪದವರು ಅಂಕಿಯನ್ನೇ ಕೊಟ್ಟುಬಿಡುತ್ತಿದ್ದರು. ಆಮೇಲೆ ಆ ಉತ್ತರದ ಸಂಖ್ಯೆಯನ್ನೇ ಉಲ್ಲೇಖಿಸಿ ಉಳಿದ ನಾಲ್ವರಿಗೆ: ಅವರಿಂದ ಆದದ್ದು ನಿಮ್ಮಿಂದ ಯಾಕಾಗದು?

ಹಡಗುಗಳ ಪ್ರಕರಣ ಎಲ್ಲರಿಗೂ ಗೊತ್ತಿದೆ. ಡೋವರಿನಲ್ಲಿ ಲಾರಿಗಳು ಸಿಕ್ಕಿಕೊಂಡರೆ ಬೇರೆ ಬಂದರುಗಳಿಂದ ಸರಕು ಸಾಗಿಸಲೆಂದು ಸಾರಿಗೆ ಖಾತೆ 2018ರ ಕೊನೆಯಲ್ಲಿ ಮೂರು ಕಂಪನಿಗಳ ಜೊತೆ 10 ಕೋಟಿ ಪೌಂಡ್ ದಾಟುವ ಕರಾರು ಮಾಡಿಕೊಂಡಿತು. ಅದರಲ್ಲಿ 1.38 ಕೋಟಿಯ ಕರಾರು ಪಡೆದ ಸೀಬೋರ್ನ್ ಫ್ರೈಟ್ ಬಳಿ ಹಡಗೇ ಇರಲಿಲ್ಲ. ಅದರ ವೆಬ್‌ಸೈಟಿನ ನಿಯಮಗಳು ಹೋಟೆಲ್ ಊಟ ಮನೆಗೆ ತಲುಪಿಸುವ ಅಂಗಡಿಯ ನಿಯಮಗಳಂತಿದ್ದವು. ಇದನ್ನು ಹೊರಗೆಳೆದದ್ದು ಪತ್ರಕರ್ತರು, ನಾವಲ್ಲ. ಎಲ್ಲರೂ ಹಡಗಿಲ್ಲದ ಕಂಪನಿ ಅಂತ ನಗುತ್ತಿದ್ದಾಗ ಮೇಡಂ ಕಣ್ಣು ಬೇರೆಡೆ ಇತ್ತು: ಟೆಂಡರ್ ಯಾಕೆ ಕರೆಯಲಿಲ್ಲ? ಊಹಿಸಲಾಗದ ಘಟನೆಯಿಂದ ತೀರಾ ತುರ್ತು ಉಂಟಾದರೆ ಟೆಂಡರ್ ಬಿಡಬಹುದು ಎನ್ನುವ ನಿಯಮವನ್ನು ಇಲಾಖೆ ಹಿಡಿದುಕೊಂಡಿತ್ತು. ಹೊರಹೋಗುವ ದಿನ 2019ರ ಮಾರ್ಚ್ 29 ಎನ್ನುವುದು ಎರಡು ವರ್ಷ ಮೊದಲು, 2017ರ ಮಾರ್ಚ್ 29ರಂದೇ ನೋಟಿಸು ಕೊಟ್ಟಾಗ ಗೊತ್ತಾಗಿತ್ತು. ಹಾಗಾದರೆ ಊಹಿಸಲಾಗದ್ದು ಯಾವುದು, ಯಾವ ತಾರೀಖಿನಂದು ಅದು ಇಲಾಖೆಯ ಗಮನಕ್ಕೆ ಬಂತು? ನಾನು ಬರೆದ ಪ್ರಶ್ನೆಗಳಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ. ಉತ್ತರ ವಾಣಿಜ್ಯ ಗೌಪ್ಯತೆ ಅಂತ ಬಂತು, ಬಿಡಿ. ಆದರೆ ಟೆಂಡರ್ ಇಲ್ಲದ್ದಕ್ಕೇ, ಬ್ರಿಟನ್-ಫ್ರಾನ್ಸ್ ನಡುವಿನ ಸಮುದ್ರದಡಿ ಸುರಂಗ ನಡೆಸುವ ಯುರೋಟನಲ್ ಕಂಪನಿ ಕೋರ್ಟಿಗೆ ಹೋಯಿತು, ಮಾರ್ಚ್ 1ರಂದು ಸರ್ಕಾರ 3.3 ಕೋಟಿ ಪೌಂಡಿಗೆ ರಾಜಿ ಮಾಡಿಕೊಂಡಿತು. ಸೀಬೋರ್ನ್ ಕರಾರು ಫೆಬ್ರವರಿಯಲ್ಲೇ ರದ್ದಾಗಿತ್ತು. ಆಮೇಲೆ ಹೊರಹೋಗುವ ದಿನವೇ ಮುಂದಕ್ಕೆ ಹೋಯಿತು. ಉಳಿದ ಎರಡು ಕರಾರು ಕೈಬಿಡಲು ಹತ್ತಿರ ಹತ್ತಿರ 5 ಕೋಟಿ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ಮದುವೆ ಮುಂದಕ್ಕೆ ಹೋಯ್ತು, ಛತ್ರದ ಅಡ್ವಾನ್ಸು ಹೋಯ್ತು ಅನ್ನು” ಅಂದರು. ನಾನು ಎರಡು ಪುಟ ಬರೆದಿದ್ದೆ.

2019ರ ಜನವರಿ 7ರ ಬೆಳಗ್ಗೆ ಕೆಂಟ್‌ನ ಮ್ಯಾನ್‌ಸ್ಟನ್ನಿಗೆ ಹೋಗಿದ್ದೆ. ಮುಚ್ಚಿದ ವಿಮಾನ ನಿಲ್ದಾಣದಲ್ಲಿ ಲಾರಿಗಳನ್ನು ತಡೆದಿಟ್ಟು ಡೋವರಿಗೆ ಬಿಡುವ ತಾಲೀಮು. ಸಾವಿರಾರು ಲಾರಿ ಹಿಡಿಸುವ ಜಾಗದಿಂದ 89 ಲಾರಿ ಹೊರಟವು, ಒಂದೊಂದಕ್ಕೂ 550 ಪೌಂಡ್ ಕೊಟ್ಟು ಕರೆಸಿದ್ದು. ರಸ್ತೆ ಬದಿಯ ಚಳಿಯಲ್ಲಿ ನಿಂತು ನಾನು ಎಣಿಸುತ್ತಿದ್ದೆ. ಒಬ್ಬ ಡ್ರೈವರ್ ಕಿಟಕಿಯಿಂದ ನನಗೆ ಕೈ ಬೀಸಿದ, ಜಾತ್ರೆಗೆ ಹೊರಟವನ ಹಾಗೆ. ಟ್ರಾಫಿಕ್ ಜಾಮ್ ಆಗುವಷ್ಟೂ ಲಾರಿ ಇಲ್ಲದೆ ಟ್ರಾಫಿಕ್ ಜಾಮಿನ ತಾಲೀಮು ನಡೆಯಿತು. ಮಾರನೇ ದಿನ ವಿರೋಧ ಪಕ್ಷದ ಸಂಸದೆ ಇವೆಟ್ ಕೂಪರ್ ಹಣಕಾಸು ವಿಧೇಯಕಕ್ಕೆ ತಂದ ತಿದ್ದುಪಡಿ 303-296ರಲ್ಲಿ ಗೆದ್ದಿತು. ಸದನದ ಒಪ್ಪಿಗೆಯಿಲ್ಲದೆ ಒಪ್ಪಂದರಹಿತ ನಿರ್ಗಮನಕ್ಕೆ ಕೆಲವು ತೆರಿಗೆ ಅಧಿಕಾರಗಳನ್ನು ಬಳಸದಂತೆ ಕಟ್ಟಿಹಾಕುವ ತಿದ್ದುಪಡಿ. ಹಣಕಾಸು ವಿಧೇಯಕದಲ್ಲಿ ಸರ್ಕಾರ ಸೋತದ್ದು 1978ರ ನಂತರ ಅದೇ ಮೊದಲು. ಪ್ರಶ್ನೆ ಕೇಳಿ ಕೇಳಿ ಸುಸ್ತಾದವನಿಗೆ ಅವತ್ತು ಚೆನ್ನಾಗಿ ನಿದ್ದೆ ಬಂತು.

ಕ್ಷೇತ್ರದಲ್ಲಿ ಕಾರಿನ ಸೀಟಿಗೆ ಸ್ಪ್ರಿಂಗ್ ಮಾಡುವ ಇಪ್ಪತ್ತು ಜನರ ಕಾರ್ಖಾನೆಯೊಂದಿತ್ತು. ಮಾಲೀಕರು ಜರ್ಮನಿಗೆ ಮಾತ್ರ ಮಾಲು ಕಳಿಸುವವರು. ಚಹಾ ಲೋಟದ ಗುರುತು ಬಿದ್ದಿದ್ದ ಮೂರು ಪತ್ರಗಳನ್ನು ಮುಂದಿಟ್ಟು, “ಈ ಇಒಆರ್‌ಐ ನಂಬರ್ ಅಂದರೆ ನನ್ನ ವ್ಯಾಟ್ ನಂಬರೇ ತಾನೇ?” ಅಂದರು. ಅಲ್ಲ. ಅದು ಗಡಿಯಾಚೆ ಸರಕು ಕಳಿಸುವವರಿಗೆ ಸುಂಕದ ಇಲಾಖೆ ಕೊಡುವ ಗುರುತಿನ ಸಂಖ್ಯೆ. ಒಪ್ಪಂದವಿಲ್ಲದೆ ಹೊರಬಿದ್ದರೆ ಅದಿಲ್ಲದೆ ಅವರ ಸ್ಪ್ರಿಂಗ್ ಗಡಿ ದಾಟುವಂತಿರಲಿಲ್ಲ. ಯುರೋಪಿನ ಜೊತೆ ಮಾತ್ರ ವ್ಯಾಪಾರ ಮಾಡುವ 1,45,000 ವರ್ತಕರಿಗೆ ಇಂಥ ಪತ್ರ ಹೋಗಿತ್ತು. ಪತ್ರ ಎಷ್ಟು ಕಳಿಸಿದಿರಿ ಅಂತ ಕೇಳಿದರೆ ಸರ್ಕಾರ ಖುಷಿಯಿಂದ ಹೇಳುತ್ತಿತ್ತು. ಪತ್ರ ಓದಿ ನಂಬರ್ ತೆಗೆದುಕೊಂಡವರು ಎಷ್ಟು ಅಂತ ಕೇಳುವುದನ್ನು ನನಗೆ ಕಲಿಸಿದ್ದು ಆ ಚಹಾದ ಗುರುತು. ಆಗಸ್ಟಿನಲ್ಲಿ ಸರ್ಕಾರವೇ 88,000 ಕಂಪನಿಗಳಿಗೆ ಕೇಳದೆಯೇ ನಂಬರ್ ಕೊಟ್ಟಿತು. ಅಷ್ಟು ಜನ ಪತ್ರವನ್ನು ಪಕ್ಕಕ್ಕಿಟ್ಟಿದ್ದರು ಅಂತಾಯಿತು.

ಆ ಬೇಸಿಗೆಯಲ್ಲಿ ಹೊಸ ಪ್ರಧಾನಿ, ಇನ್ನೂ 210 ಕೋಟಿಯ ಘೋಷಣೆ. ಅದು ನಿಜಕ್ಕೂ ಹೊಸದು, ಮೂರು ಸಲ ನೋಡಿಕೊಂಡೆ. ಸೆಪ್ಟೆಂಬರ್ 9ರಂದು ಸದನ 311-302ರಲ್ಲಿ ಕೇಳಿದ ಮೇಲೆ, ಒಪ್ಪಂದವಿಲ್ಲದೆ ಹೊರಬಿದ್ದರೆ ಏನೇನಾಗಬಹುದು ಅಂತ ಸರ್ಕಾರ ಬರೆದಿಟ್ಟುಕೊಂಡಿದ್ದ ‘ಯೆಲ್ಲೋಹ್ಯಾಮರ್’ ಟಿಪ್ಪಣಿ ಹೊರಬಂತು. ಲಾರಿಗಳು ಒಂದೂವರೆಯಿಂದ ಎರಡೂವರೆ ದಿನ ಕಾಯಬೇಕಾಗಬಹುದು, ಸಂಚಾರ ಈಗಿನ ಶೇ. 40-60ಕ್ಕೆ ಇಳಿಯಬಹುದು ಅಂತ ಸರ್ಕಾರದ ಟಿಪ್ಪಣಿಯೇ ಹೇಳುತ್ತಿತ್ತು. 15ನೇ ಪ್ಯಾರಾಕ್ಕೆ ಮಸಿ ಬಳಿದಿದ್ದರು. ನಮ್ಮ ಕಚೇರಿಯಲ್ಲಿ ಎಲ್ಲರೂ ಮೊದಲು ಓದಲು ಹೋದದ್ದು 15ನೇ ಪ್ಯಾರಾವನ್ನೇ.

ನನ್ನ ಕೊನೆಯ ಪ್ರಶ್ನೆ ಜಾಹೀರಾತಿನದು. ಬ್ರೆಕ್ಸಿಟ್‌ಗೆ ಸಿದ್ಧರಾಗಿ ಎನ್ನುವ ಪ್ರಚಾರಕ್ಕೆ ಎತ್ತಿಟ್ಟ 10 ಕೋಟಿ ಪೌಂಡಿನಲ್ಲಿ ಖರ್ಚಾದದ್ದೆಷ್ಟು? ನವೆಂಬರ್ 6ರಂದು ಸಂಸತ್ತು ವಿಸರ್ಜನೆಯಾಯಿತು, ಉತ್ತರ ಬಾರದ ಪ್ರಶ್ನೆಗಳೆಲ್ಲ ಅದರ ಜೊತೆ ಬಿದ್ದುಹೋದವು. ಡಿಸೆಂಬರಿನಲ್ಲಿ ಮೇಡಂ ಸೋತರು, ನನ್ನ ಕೆಲಸವೂ ಹೋಯಿತು. ಜನವರಿ ಕೊನೆಯಲ್ಲಿ ಲೆಕ್ಕಪರಿಶೋಧನಾ ಕಚೇರಿಯ ವರದಿ ಬಂತು: 4.6 ಕೋಟಿ. ಮನೆಯಲ್ಲಿ ಕೂತು ಹಳೆಯ ಹಾಳೆ ತೆಗೆದು ಮೂರನೇ ಕಾಲಂನಲ್ಲಿ ಬರೆದುಕೊಂಡೆ.