ಅಗಲಿದ ಹಿರಿಯರ ನೆನಪು, ನೋಡಿಕೊಂಡವರಿಗೆ ಕೃತಜ್ಞತೆ: ನಾವು ಮಾಡುವ ಕ್ರಮ

ಸಕಲೇಶಪುರದ ಕಡೆ ನಮ್ಮ ಹೋಬಳಿಯಲ್ಲಿ ಆ ವರ್ಷ ತೀರಿಕೊಂಡ ಹಿರಿಯರನ್ನೆಲ್ಲ ಒಂದೇ ದಿನ ನೆನೆದು, ಅವರ ಆರೈಕೆ ಮಾಡಿದವರನ್ನು ಕರೆದು ಕೃತಜ್ಞತೆ ಹೇಳುತ್ತೇವೆ. ತಿಥಿ, ಶಿವಗಣಾರಾಧನೆ, ವೈಕುಂಠ ಸಮಾರಾಧನೆ ಆಯಾ ಮನೆಯವರದ್ದು, ಅದಕ್ಕೆ ನಾವು ಕೈ ಹಾಕುವುದಿಲ್ಲ. ಎಲ್ಲ ಜಾತಿ, ಧರ್ಮದವರೂ ಬರುವುದರಿಂದ ಇಲ್ಲಿ ಎಡೆಯೂ ಇಲ್ಲ, ಮಂತ್ರವೂ ಇಲ್ಲ.

ತೀರಿಕೊಂಡವರ ಪಟ್ಟಿ ಸುಲಭ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮುಕ್ಕಾಲು ಪಾಲು ಸಿಗುತ್ತದೆ. ಕಷ್ಟ ಇರುವುದು ನೋಡಿಕೊಂಡವರ ಪಟ್ಟಿಯಲ್ಲಿ. ‘ಅಜ್ಜೀನ ಯಾರು ನೋಡ್ಕೊಂಡ್ರು?’ ಅಂತ ಕೇಳಿದರೆ ಹಿರಿಮಗನ ಹೆಸರೇ ಬರುತ್ತದೆ. ಅವರು ದುಡ್ಡು ಹಾಕಿರುತ್ತಾರೆ, ಆಸ್ಪತ್ರೆಗೆ ಓಡಾಡಿರುತ್ತಾರೆ, ಸುಳ್ಳೇನಲ್ಲ. ಆದರೆ ನಾವು ಕೇಳುವುದೇ ಬೇರೆ: ರಾತ್ರಿ ಎದ್ದು ಮಗ್ಗುಲು ಬದಲಿಸುತ್ತಿದ್ದವರು ಯಾರು? ಡೈಪರ್ ಯಾರು ತೆಗೀತಿದ್ದರು? ಕೊನೆಕೊನೆಗೆ ಯಾರು ತಿನ್ನಿಸಿದರೆ ಗಂಜಿ ಇಳೀತಿತ್ತು? ಆಗ ಹೊರಗೆ ಬರುತ್ತಾರೆ ಸೊಸೆ, ಎಸ್ಟೇಟ್ ಲೈನಿನಿಂದ (ತೋಟದ ಕೂಲಿಯವರ ಸಾಲುಮನೆಗಳಿಂದ) ಬರುತ್ತಿದ್ದ ಹೆಂಗಸು, ಏಜೆನ್ಸಿಯ ಹೋಂ ನರ್ಸ್, ತಾತನಿಗೆ ಗಡ್ಡ ಬೋಳಿಸುತ್ತಿದ್ದ ಮೊಮ್ಮಗ. ಜಗಲಿಯಲ್ಲಿ ಕೂತ ಗಂಡಸರನ್ನು ಕೇಳಿದ ಮೇಲೆ ಅಡುಗೆಮನೆ ಕಡೆ ಹೋಗಿ ಇದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಬೇಕು. ಎರಡು ಪಟ್ಟಿ ಒಂದೇ ಆಗಿರುವುದು ಅಪರೂಪ.

ದಿನ ಗೊತ್ತು ಮಾಡುವಾಗ ತೋಟ ಮತ್ತು ಪಂಚಾಂಗ ಎರಡನ್ನೂ ನೋಡಬೇಕು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ರಸ್ತೆಯೂ ಇಲ್ಲ. ನವೆಂಬರ್‌ಗೆ ಅರೇಬಿಕಾ ಕಾಫಿ ಕುಯ್ಲು ಹಿಡಿದರೆ ರೋಬಸ್ಟಾ ಮುಗಿಯುವವರೆಗೆ ಲೈನಿನವರಿಗೆ ಬಿಡುವಿಲ್ಲ. ಉಳಿಯುವುದು ಅಕ್ಟೋಬರ್. ಅಕ್ಟೋಬರ್ 1 ವಿಶ್ವ ಹಿರಿಯರ ದಿನ. ವಿಶ್ವಸಂಸ್ಥೆ 1990ರಲ್ಲಿ ಗೊತ್ತು ಮಾಡಿದ್ದು. ಆದರೆ ಮಹಾಲಯ ಅಮಾವಾಸ್ಯೆ ಅದರ ಪಕ್ಕಕ್ಕೇ ಬಂದುಬಿಡಬಹುದು. 2024ರಲ್ಲಿ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಅವತ್ತು ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ, ಸಮುದಾಯ ಭವನಕ್ಕೆ ಯಾರು ಬರುತ್ತಾರೆ? ಹಾಗಾದ ವರ್ಷ ದಸರಾ ಕಳೆದ ಮೇಲಿನ ಭಾನುವಾರವೇ ಸರಿ.

ಹೋಂ ನರ್ಸ್‌ಗೆ ಭಾನುವಾರ ರಜೆ ಅಂತ ತಿಳಿಯಬೇಡಿ. ಆಕೆ ಈಗಾಗಲೇ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ಅಜ್ಜಿಯ ಹತ್ತಿರ ಇರುತ್ತಾಳೆ. ಬರೀ ಆಮಂತ್ರಣ ಪತ್ರ ಕೊಟ್ಟು ಬಂದರೆ ‘ಬರ್ತೀನಿ ಸಾರ್’ ಅನ್ನುತ್ತಾಳೆ, ಬರುವುದಿಲ್ಲ. ಬರಲಿಕ್ಕಾಗುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ನಾಲ್ಕು ಗಂಟೆಯ ಮಟ್ಟಿಗೆ ಬದಲಿ ಆಳನ್ನು ನಾವೇ ಕಳಿಸುತ್ತೇವೆ. ಬದಲಿಯವರು ಹಿಂದಿನ ಸಂಜೆಯೇ ಹೋಗಿ ಮಾತ್ರೆಯ ಹೊತ್ತು, ಎತ್ತಿ ಕೂರಿಸುವ ರೀತಿ, ರೋಗಿಯ ಸನ್ನೆ ಎಲ್ಲ ನೋಡಿಕೊಂಡು ಬರಬೇಕು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟ ಹುಣ್ಣಾಗುತ್ತದೆ, ಆದ್ದರಿಂದ ಬದಲಿಸುವ ಹೊತ್ತನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವ ಕೆಲಸ ಮಾತ್ರ ಬದಲಿಯವರದ್ದಲ್ಲ. ನಳಿಕೆ ಜರುಗಿದ್ದು ಗೊತ್ತಾಗದೆ ಸುರಿದರೆ ಶ್ವಾಸಕೋಶಕ್ಕೇ ಹೋಗುತ್ತದೆ. ಅಂಥ ಮನೆಯಿಂದ ಬರುವವರನ್ನು ಎರಡು ಆಹಾರದ ನಡುವಿನ ಹೊತ್ತಿನಲ್ಲಿ ಕರೆತಂದು ಬಿಟ್ಟು ಬರುತ್ತೇವೆ.

ಸಭೆಯಲ್ಲಿ ಇಡುವ ತೀರಿಕೊಂಡವರ ಫೋಟೋ ವಿಷಯ. ಎಷ್ಟೋ ಅಜ್ಜಿಯರಿಗೆ ವೋಟರ್ ಕಾರ್ಡಿನ ಚಿತ್ರ ಬಿಟ್ಟರೆ ಬೇರೆ ಇರುವುದಿಲ್ಲ. ಅದನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿದರೂ 4x6 ಇಂಚಿಗಿಂತ ದೊಡ್ಡದು ಮಾಡಿದರೆ ಮುಖವೇ ಕಲಸಿಹೋಗುತ್ತದೆ. ಆದ್ದರಿಂದ ಎಸ್ಟೇಟ್ ಮಾಲೀಕರಿಗೂ ಲೈನಿನ ಅಜ್ಜಿಗೂ 4x6ರ ಒಂದೇ ಅಳತೆ. ನನ್ನ ಮಟ್ಟಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಮೊಬೈಲ್ ಚಿತ್ರವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸುಮ್ಮನೆ ಕಳಿಸಿದರೆ ಕುಗ್ಗಿ ಬರುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡಿಗೆ ಅಂಟಿಸಿಕೊಡುತ್ತಾರೆ. ಅದು ಹಗುರವಾದ ಪ್ಲಾಸ್ಟಿಕ್ ಹಲಗೆ, ಬೆಂಕಿಗೆ ಬೇಗ ಕರಗುವ ಸಾಮಾನು, ಹಾಗಾಗಿ ಚಿತ್ರಕ್ಕೊಂದು ಹಣತೆ ಬೇಡ, ದೂರದಲ್ಲಿ ಒಂದು ದೊಡ್ಡ ದೀಪ ಸಾಕು. ಮುಸ್ಲಿಂ ಮನೆಗಳಲ್ಲಿ ಫೋಟೋ, ಹಾರ ಇಡಬಹುದೇ ಎಂದು ಮೊದಲೇ ಕೇಳಿ. ಬೇಡವೆಂದರೆ ಹೆಸರಿನ ಫಲಕ. ಜೋಡಿಸುವುದು ಅಕಾರಾದಿಯಲ್ಲಿ. ಪಹಣಿಯಲ್ಲೋ ರೇಷನ್ ಕಾರ್ಡಿನಲ್ಲೋ ಇರುವ ಹೆಸರು ಊರಿಗೆ ಗೊತ್ತೇ ಇರುವುದಿಲ್ಲ, ಕರೆಯುತ್ತಿದ್ದ ಹೆಸರನ್ನೂ ಕೆಳಗೆ ಬರೆಸಬೇಕು.

ಕಾರ್ಯಕ್ರಮ ಹನ್ನೊಂದಕ್ಕೆ ಶುರು. ಹೆಸರುಗಳನ್ನು ಓದಲು ಒಬ್ಬರೇ ಸಾಕು, ಒಂದು ಹೆಸರಿಗೆ ಅರ್ಧ ನಿಮಿಷ. ಅದಾದ ಕೂಡಲೇ ನೋಡಿಕೊಂಡವರ ಸರದಿ. ಗಣ್ಯರ ಭಾಷಣ ಇದ್ದರೆ ಆಮೇಲೆ. ಭಾಷಣವನ್ನೇ ಮೊದಲು ಇಟ್ಟರೆ ಇವರನ್ನು ಕರೆಯುವ ಹೊತ್ತಿಗೆ ಅರ್ಧ ಜನ ಊಟದ ಹಾಲಿನಲ್ಲಿರುತ್ತಾರೆ. ಸೊಸೆಯನ್ನು ಇಂಥವರ ಹೆಂಡತಿ ಅಂತ ಕರೆಯುವಂತಿಲ್ಲ, ಆಕೆಗೆ ಆಕೆಯದೇ ಹೆಸರಿದೆ. ನೋಡಿಕೊಂಡವರ ಕೈಗೆ ಮೈಕ್ ಕೊಡಬೇಡಿ. ಕೊನೆಯ ಗಳಿಗೆಯ ಬಗ್ಗೆಯಂತೂ ಕೇಳಲೇಬೇಡಿ. ‘ನನ್ನ ಕೈಯಲ್ಲೇ ಹೋಯ್ತಲ್ಲ’ ಅನ್ನುವ ಸಂಕಟ ಎಷ್ಟೋ ಜನರಲ್ಲಿ ಆರಿರುವುದಿಲ್ಲ. ಮಾತಾಡಬೇಕಾದ್ದು ಮನೆಯವರು, ಎರಡು ನಿಮಿಷ, ಆಕೆ ಮಾಡಿದ ಒಂದು ಕೆಲಸವನ್ನು ಹೆಸರಿಟ್ಟು ಹೇಳಿ. ‘ಪುಣ್ಯಾತ್ಗಿತ್ತಿ, ತಾಯಿ ಥರ ನೋಡ್ಕೊಂಡ್ಲು’ ಅಂದರೆ ಯಾರಿಗೂ ಏನೂ ತಲುಪುವುದಿಲ್ಲ. ‘ಅತ್ತೆಗೆ ನೀರು ಇಳೀದಿದ್ದಾಗ ಹತ್ತಿಯಲ್ಲಿ ಅದ್ದಿ ತುಟಿ ಒರೆಸ್ತಿದ್ಲು’ ಅಂದರೆ ತಲುಪುತ್ತದೆ.

ಶಾಲು, ಹಣ್ಣಿನ ಬುಟ್ಟಿ ಇರಲಿ, ಆದರೆ ಅವರ ಕೆಲಸಕ್ಕೆ ಬರುವುದು ಅನುಭವ ಪತ್ರ. ಅರ್ಧ ಪುಟ ಸಾಕು: ಎಂದಿನಿಂದ ಎಂದಿನವರೆಗೆ, ಯಾವ್ಯಾವ ಕೆಲಸ ಮಾಡಿದರು (ಸ್ನಾನ, ಮಗ್ಗುಲು ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಸಕ್ಕರೆ ಅಳೆಯುವುದು), ಮನೆಯವರ ಸಹಿ, ಒಪ್ಪಿದರೆ ಫೋನ್ ನಂಬರ್. ತೀರಿಕೊಂಡವರ ಕಾಯಿಲೆಯ ಹೆಸರು ಅದರಲ್ಲಿ ಬೇಕಿಲ್ಲ. ಸರ್ಟಿಫಿಕೇಟ್ ಇಲ್ಲದ ಹೆಂಗಸಿಗೆ ಮುಂದಿನ ಮನೆಯಲ್ಲಿ ಸಂಬಳ ಮಾತಾಡಲು ಇದೇ ಆಧಾರ. ಅವತ್ತಿನ ಕೂಲಿಯ ಲಕೋಟೆಯನ್ನು ಬಂದ ಕೂಡಲೇ ಮರೆಯಲ್ಲಿ ಕೊಟ್ಟುಬಿಡಿ. ವೇದಿಕೆ ಮೇಲೆ ದುಡ್ಡು ಕೊಟ್ಟರೆ ಕೊಟ್ಟವರದೇ ಫೋಟೋ ಆಗುತ್ತದೆ.

ಅಡುಗೆ ಭಟ್ಟರಿಗೆ ವಹಿಸಿ. ಇಲ್ಲದಿದ್ದರೆ ಸನ್ಮಾನ ಆಗಬೇಕಾದ ಸೊಸೆಯರೆಲ್ಲ ಅನ್ನ ಬಸಿಯುತ್ತಿರುತ್ತಾರೆ. ನೂರು ಜನಕ್ಕೆ 10ರಿಂದ 12 ಕೆ.ಜಿ. ಅಕ್ಕಿ ಲೆಕ್ಕ, ವಯಸ್ಸಾದವರಿಗೆ ಉಪ್ಪು ಖಾರ ಕಡಿಮೆಯ ತಿಳಿಸಾರು ಬೇರೆ. ಮೂರಕ್ಕೆ ಮುಗಿಸದಿದ್ದರೆ ಒಳಹಳ್ಳಿಯ ಬಸ್ಸು ತಪ್ಪುತ್ತದೆ.

ಮುಂದಿನ ವರ್ಷದ ಪುಸ್ತಕ ಮಾರನೇ ದಿನವೇ ತೆರೆಯುತ್ತೇವೆ. ಸಾವಾದ ಮನೆಗೆ ತಿಥಿ ಮುಗಿದ ಹದಿನೈದು ದಿನದೊಳಗೆ ಹೋಗಿ ಹೆಸರು, ನಂಬರ್ ಬರೆದುಕೊಳ್ಳಬೇಕು. ಹೋಂ ನರ್ಸ್‌ಗಳ ನಂಬರ್ ಬೇಗ ಬದಲಾಗುತ್ತದೆ, ಆರು ತಿಂಗಳು ಕಳೆದರೆ ಆಕೆಯ ಊರು ಯಾವುದೆಂದೂ ಮನೆಯವರಿಗೆ ನೆನಪಿರುವುದಿಲ್ಲ.