ಖಾಲಿ ಇದ್ದದ್ದು ಬುಧವಾರ ಒಂದೇ

ಗಣೇಶನ ಹಬ್ಬ, ಈದ್ ಮಿಲಾದ್ ಹತ್ತಿರ ಬಂತು ಅಂದರೆ ನಮ್ಮ ಕಡೆ ಪೊಲೀಸರು ಶಾಂತಿ ಸಭೆ ಕರೆಯುತ್ತಾರೆ. ಸ್ವಾಮಿಗಳು, ಮೌಲ್ವಿಗಳು, ಫಾದರ್ ಎಲ್ಲ ಬರುತ್ತಾರೆ. ಎರಡು ಮಾತಾಡಿ, ಟೀ ಕುಡಿದು ಹೊರಡುತ್ತಾರೆ. ದಾವಣಗೆರೆಯಲ್ಲಿ ಅಂಥ ಒಂದು ಸಭೆ ಮುಗಿದ ಮೇಲೆ ಒಬ್ಬ ಮೌಲ್ವಿಗಳು ಸ್ಕೂಟರ್ ತಿರುಗಿಸಿಕೊಳ್ಳುತ್ತಾ, "ಬುದ್ಧಿ, ನಾವು ನೀವು ಸಿಗೋದು ಬರೀ ಸ್ಟೇಷನ್‌ನಲ್ಲೇ ಆಯ್ತಲ್ಲ" ಅಂದರು. ಸ್ವಾಮಿಗಳು ನಕ್ಕು ನನ್ನ ಕಡೆ ನೋಡಿದರು. ಹಳ್ಳಿ ಸಂಘಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ ಅಂತ ಅವರಿಗೆ ಗೊತ್ತಿತ್ತು. "ನೀನೇ ಏನಾದ್ರೂ ಮಾಡಪ್ಪ" ಅಂದರು.

ಅವರನ್ನೆಲ್ಲ ಸ್ಟೇಷನ್ ಹೊರಗೆ ಸೇರಿಸೋಣ ಅಂತ ಹೊರಟು, ಮೊದಲನೇ ಸಲ ಕೆಡಿಸಿಬಿಟ್ಟೆ. ಒಂದು ಹಾಲ್ ಹಿಡಿದು ವೇದಿಕೆ, ಮೈಕ್, ಫ್ಲೆಕ್ಸ್, ಹಾರ, ಶಾಲು ಎಲ್ಲ ತರಿಸಿದೆ. ಎರಡು ದಿನದ ಕಾರ್ಯಕ್ರಮ ಪಟ್ಟಿಯನ್ನೂ ಟೈಪ್ ಮಾಡಿಸಿದ್ದೆ. ಮೈಕ್ ಸಿಕ್ಕ ಮೇಲೆ ಕೇಳಬೇಕೇ? ಬಂದವರೆಲ್ಲ ಸಾಲಾಗಿ ಆಶೀರ್ವಚನ ಕೊಟ್ಟರು. ಊಟ ಆಯಿತು. ಮಧ್ಯಾಹ್ನ ಮೂರಕ್ಕೆ ಕಾರುಗಳೆಲ್ಲ ಹೊರಟುಹೋದವು.

ಆಮೇಲೆ ಓಪನ್ ಸ್ಪೇಸ್ ಪದ್ಧತಿ ನೆನಪಾಯಿತು. 1985ರಲ್ಲಿ ಅಮೆರಿಕದ ಹ್ಯಾರಿಸನ್ ಓವನ್ ಶುರು ಮಾಡಿದ್ದು. ಸಮ್ಮೇಳನದಲ್ಲಿ ಜನಕ್ಕೆ ರುಚಿಸುವುದು ಕಾಫಿ ಬಿಡುವು ತಾನೆ, ಹಾಗಾದರೆ ಇಡೀ ಸಭೆಯೇ ಯಾಕೆ ಹಾಗಿರಬಾರದು ಅನ್ನುವುದು ಅವರ ಲೆಕ್ಕ. ಅವರೂ ಪಾದ್ರಿ ಆಗಿದ್ದವರೇ. ಇದರಲ್ಲಿ ಮೊದಲೇ ಬರೆದ ಕಾರ್ಯಕ್ರಮ ಇರುವುದಿಲ್ಲ. ಮಾತಾಡಬೇಕು ಅನ್ನಿಸಿದ ವಿಷಯವನ್ನು ಬಂದವರೇ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಬೇಕಾದ ಗುಂಪಿಗೆ ಹೋಗುತ್ತಾರೆ, ಬೇಡ ಅನ್ನಿಸಿದರೆ ಎದ್ದು ಬೇರೆ ಕಡೆ ನಡೆಯುತ್ತಾರೆ. ಇದನ್ನು ಎರಡು ಕಾಲಿನ ನಿಯಮ ಅನ್ನುತ್ತಾರೆ.

ಎರಡನೇ ಸಲ ನಾನು ಯಾರನ್ನೂ ಕರೆಯಲಿಲ್ಲ. ಒಬ್ಬ ಸ್ವಾಮಿಗಳು, ಆ ಮೌಲ್ವಿಗಳು, ಒಬ್ಬ ಫಾದರ್ ಸೇರಿ ಅವರವರೇ ಫೋನ್ ಮಾಡಿದರು. ದಿನ ಹುಡುಕುವುದೇ ಒಂದು ವಾರ ಹಿಡಿಯಿತು. ಭಾನುವಾರ ಚರ್ಚು. ಸೋಮವಾರ ಮಠದಲ್ಲಿ ಭಕ್ತರು. ಮಂಗಳವಾರ ಅಮ್ಮನ ಗುಡಿ ಪೂಜಾರಿಗಳಿಗೆ ಪುರುಸೊತ್ತಿಲ್ಲ. ಗುರುವಾರ ಸಂಜೆ ದರ್ಗಾ, ಶುಕ್ರವಾರ ಜುಮ್ಮಾ, ಶನಿವಾರ ಆಂಜನೇಯ. ಉಳಿದದ್ದು ಬುಧವಾರ. ಮಂಗಳವಾರ ರಾತ್ರಿ ಊಟಕ್ಕೆ ಸೇರುವುದು, ಗುರುವಾರ ಮಧ್ಯಾಹ್ನ ಹೊರಡುವುದು ಅಂತಾಯಿತು. ತಿಂಗಳು ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಜಾತ್ರೆಗಳೂ ಮುಗಿದಿರುತ್ತವೆ.

ಜಾಗ ಮಠವೂ ಆಗಬಾರದು, ಮಸೀದಿ ಚರ್ಚೂ ಆಗಬಾರದು. ಚಿತ್ರದುರ್ಗದ ಹತ್ತಿರ ಪರಿಚಯದವರ ತೋಟದ ಮನೆ ಸಿಕ್ಕಿತು. ಬಂದವರು ಹದಿನಾಲ್ಕು ಜನ. ಸಾಮೂಹಿಕ ಪ್ರಾರ್ಥನೆ ಇಡಲಿಲ್ಲ. ಅವರವರ ಪೂಜೆ, ನಮಾಜು ಅವರವರ ರೂಮಿನಲ್ಲಿ. ಊಟಕ್ಕೆ ಮುದ್ದೆ, ರೊಟ್ಟಿ, ಸೊಪ್ಪಿನ ಸಾರು. ಇಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ.

ನಿಜವಾದ ತಲೆನೋವು ಕೂರುವುದು. ಸ್ವಾಮಿಗಳು ನೆಲದ ಮೇಲೆ ಕೂತರೆ ಭಕ್ತರು ನೊಂದುಕೊಳ್ಳುತ್ತಾರೆ. ಒಬ್ಬರಿಗೆ ಎತ್ತರದ ಕುರ್ಚಿ ಹಾಕಿದರೆ ಕತೆ ಅಲ್ಲಿಗೇ ಮುಗಿಯಿತು. ಟೆಂಟ್ ಹೌಸ್‌ನಿಂದ ಒಂದೇ ಥರದ ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ ತರಿಸಿ ದುಂಡಗೆ ಹಾಕಿದೆ. ಒಬ್ಬ ಶಿಷ್ಯ ಸುಮ್ಮನಿರದೆ ಬಂದು ತನ್ನ ಗುರುಗಳ ಕುರ್ಚಿಗೆ ಕಾವಿ ಬಟ್ಟೆ ಹಾಸಿದ. ಇನ್ನೊಬ್ಬ ಶಿಷ್ಯ ಅದನ್ನು ನೋಡಿ ಕಾರಿನ ಕಡೆ ಓಡಿದ. ನನಗೆ ಬೆವರು ಬಂತು. ಅಷ್ಟರಲ್ಲಿ ಆ ಹಿರಿಯ ಸ್ವಾಮಿಗಳು ಬಟ್ಟೆ ತೆಗೆದು ಮಡಚಿ ತೊಡೆ ಮೇಲೆ ಹಾಕಿಕೊಂಡು, "ಗಾಳಿ ಜಾಸ್ತಿ ಐತಪ್ಪ" ಅಂದರು. ಓಡಿದವನು ವಾಪಸ್ ಬಂದ. ಶಿಷ್ಯರನ್ನೂ ಡ್ರೈವರ್‌ಗಳನ್ನೂ ಫೋನ್‌ಗಳ ಸಮೇತ ಹಿಂದಿನ ಶೆಡ್‌ಗೆ ಕಳಿಸಿದೆವು. (ಅಲ್ಲಿ ಅವರು ಯಾರ ನೆರವೂ ಇಲ್ಲದೆ ಕ್ರಿಕೆಟ್ ಟೀಮ್ ಕಟ್ಟಿಕೊಂಡಿದ್ದರು.)

"ಇದರಲ್ಲಿ ಹೊಸದೇನಿದೆ, 12ನೇ ಶತಮಾನದಲ್ಲೇ ಕಲ್ಯಾಣದಲ್ಲಿ ಅನುಭವ ಮಂಟಪ ಇತ್ತು" ಅಂದರು ಒಬ್ಬರು. "ಅಲ್ಲೂ ಅಧ್ಯಕ್ಷರಿಗೆ ಶೂನ್ಯಪೀಠ ಅಂತ ಒಂದಿತ್ತಲ್ಲ ಬುದ್ಧಿ?" ಅಂದರು ಫಾದರ್. ಎಲ್ಲರೂ ನಕ್ಕರು.

ಎರಡು ಕಾಲಿನ ನಿಯಮ ಇಲ್ಲಿ ಕುಂಟಿತು. ಸ್ವಾಮಿಗಳು ಎದ್ದರೆ ಇಡೀ ಗುಂಪೇ ಎದ್ದು ನಿಲ್ಲುತ್ತಿತ್ತು! ಬಾತ್‌ರೂಮಿಗೆ ಹೊರಟರೂ ಅಷ್ಟೆ. ಕೊನೆಗೆ ಅವರೇ, "ನಾನು ಎದ್ದರೆ ನೀವು ಏಳಬೇಡಿ, ಇಲ್ಲಾಂದ್ರೆ ನಾನು ಏಳೋದೇ ಇಲ್ಲ" ಅಂತ ಗದರಿದರು. ಇದನ್ನು ನಾನು ಹೇಳಿದ್ದರೆ ನಡೆಯುತ್ತಿರಲಿಲ್ಲ.

ಚೀಟಿಗಳನ್ನು ಗೋಡೆಗೆ ಅಂಟಿಸಿದರೆ ಆಷಾಢದ ಗಾಳಿ ಬಿಡಬೇಕಲ್ಲ. ಎರಡು ಸಲ ತೋಟದಲ್ಲಿ ಆರಿಸಿ ತಂದೆ. ಆಮೇಲೆ ಬಟ್ಟೆ ಒಣಗಿಸುವ ಹಗ್ಗ, ಕ್ಲಿಪ್ಪು. "ಗಂಡ ಕುಡೀತಾನೆ ಅಂತ ಅಳೋರಿಗೆ ಏನು ಹೇಳೋದು." "ಹುಡುಗರು ಬರ್ತಿಲ್ಲ." "ಹುಂಡಿ ಲೆಕ್ಕ." ಒಂದು ಚೀಟಿಗೆ ಹೆಸರಿರಲಿಲ್ಲ: "ನಮಗೇ ಬೇಜಾರಾದರೆ ಯಾರಿಗೆ ಹೇಳೋದು?"

ಹುಂಡಿ ಲೆಕ್ಕಕ್ಕೆ ಒಬ್ಬರೂ ಹೋಗಲಿಲ್ಲ. ಹೆಸರಿಲ್ಲದ ಚೀಟಿಯ ಕೆಳಗೆ ಹನ್ನೊಂದು ಜನ ಕೂತರು. ಶುರುವಿಗೆ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಬಾಯಿ ಹಾಕಬೇಕು ಅಂತ ನನ್ನ ನಾಲಿಗೆ ತುರಿಸುತ್ತಿತ್ತು. ತಡೆದುಕೊಂಡು ಹೊರಗೆ ಹೋಗಿ ಅಡುಗೆಯವನ ಜೊತೆ ಶೇಂಗಾ ಬಿಡಿಸುತ್ತಾ ಕೂತೆ. ಒಳಗೆ ಏನು ಮಾತಾಯಿತು ಅಂತ ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಸಾರು ಎರಡು ಸಲ ಬಿಸಿ ಮಾಡಿದೆವು.

ಗುರುವಾರ ಬೆಳಿಗ್ಗೆ ಚಂದ್ರವಳ್ಳಿಗೆ ಹೋದೆವು. ಮಯೂರಶರ್ಮನ ಶಾಸನ ನೋಡೋಕೆ ನಿಂತವರು ನಾನೂ ಸೇರಿ ಇಬ್ಬರೇ. ಉಳಿದವರೆಲ್ಲ ಅಂಕಲಿ ಮಠದ ಗುಹೆಗೆ ಇಳಿದರು. ಒಳಗೆ ಕತ್ತಲು. ಟಾರ್ಚ್‌ಗೆ ಫೋನ್ ಬೇಕು, ಫೋನ್ ಶೆಡ್‌ನಲ್ಲಿ! ಕಾವಲುಗಾರನ ಒಂದೇ ಟಾರ್ಚ್ ಹಿಡಿದು ಹದಿಮೂರು ಜನ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಇಳಿದರು. ಹಿರಿಯ ಸ್ವಾಮಿಗಳಿಗೆ ಮಂಡಿ ನೋವು, ಅವರು ಮೌಲ್ವಿಗಳ ತೋಳು ಹಿಡಿದಿದ್ದರು. "ನಿಧಾನ ಬುದ್ಧಿ, ಇಲ್ಲಿ ಇನ್ನೊಂದು ಮೆಟ್ಲು" ಅನ್ನುವುದು ಮಾತ್ರ ಮೇಲಿದ್ದ ನನಗೆ ಕೇಳಿಸುತ್ತಿತ್ತು.

ಮುಂದಿನ ಆಷಾಢದಲ್ಲಿ ಒಂದು ರಾತ್ರಿ ಆ ಅಡುಗೆಯವನು ಫೋನ್ ಮಾಡಿದ. "ಸಾರ್, ಬೆಳ್ಳುಳ್ಳಿ ತಿನ್ನದೇ ಇರೋರು ಯಾರ್ಯಾರು ಹೇಳ್ರಿ, ನಾಳೆ ಬೆಳಿಗ್ಗೆ ತಿಂಡಿಗೆ ಬೇಕು" ಅಂದ. ಮತ್ತೆ ಸೇರಿರುವುದು ನನಗೆ ಗೊತ್ತಾಗಿದ್ದೇ ಆಗ.