ಏಕವಚನ ಬಿಟ್ಟ ಮೇಲೆ

ನನ್ನ ದೊಡ್ಡಪ್ಪನ ಹಿರಿಯ ಮಗನಿಗೂ ನನಗೂ 11 ವರ್ಷಗಳಿಂದ ಸಿವಿಲ್ ದಾವೆ ನಡೆಯುತ್ತಿದೆ. ಸಾಗರ ತಾಲ್ಲೂಕಿನ ನಮ್ಮ ಎರಡು ಅಡಿಕೆ ತೋಟಗಳ ನಡುವೆ ಹಾದುಹೋಗುವ ನೀರಿನ ಕಾಲುವೆ ಯಾರ ಹಿಸ್ಸೆಗೆ ಸೇರಿದ್ದು ಎಂಬುದು ವ್ಯಾಜ್ಯ. ಗಡಿ ಗುರುತಿಸುವ ಹದ್ದುಬಸ್ತಿನ ಅಳತೆ ಎರಡು ಸಲ ಆಯಿತು, ಎರಡು ಸಲವೂ ತಕರಾರು ಬಂತು. ಹೆಚ್ಚಿನ ವಿವರ ಇಲ್ಲಿ ಬೇಡ. ನಾನು ಹೇಳಿದರೆ ಅದು ನನ್ನ ಕಡೆಯ ಕಥೆಯೇ ಆಗುತ್ತದೆ.

ಒಂದು ಸಂಜೆ ಆರು ವರ್ಷದ ಮಗಳು ಜಗಲಿಯಿಂದ ಓಡಿಬಂದು, "ಅಪ್ಪ, ಅವನು ಕಾಲುವೆ ಹತ್ತಿರ ನಿಂತಿದ್ದಾನೆ" ಎಂದಳು. ಅವಳಿಗೆ ಅವರು ದೊಡ್ಡಪ್ಪ ಆಗಬೇಕು. ಮಾತು ಬಿಟ್ಟು ಎಷ್ಟೇ ವರ್ಷವಾಗಿದ್ದರೂ ಅವರ ಮನೆಯಲ್ಲಿ ಸಾವಾದರೆ ಹತ್ತು ದಿನ ಸೂತಕ ಹಿಡಿಯುವ ದಾಯಾದಿಗಳು ನಾವು. ಆ ಸಂಬಂಧಕ್ಕೆ ನನ್ನ ಮಗಳ ಬಾಯಲ್ಲಿ ಹೆಸರೇ ಇರಲಿಲ್ಲ, ಇದ್ದದ್ದು ಒಂದು ಏಕವಚನ ಮಾತ್ರ. ಅದನ್ನು ಅವಳು ಕಲಿತದ್ದು ನಮ್ಮ ಊಟದ ಹೊತ್ತಿನ ಮಾತುಗಳಿಂದ.

ಹೀಗಾಗಿ ನಾನು ಮೊದಲು ತಿದ್ದಿಕೊಂಡದ್ದು ವ್ಯಾಕರಣವನ್ನು. ಅವರ ಬೆನ್ನ ಹಿಂದೆಯೂ 'ಅಣ್ಣ' ಎನ್ನಬೇಕು, 'ಬಂದರು, ಹೋದರು' ಎನ್ನಬೇಕು ಎಂದು ನಿಶ್ಚಯಿಸಿದೆ. ಹೆಂಡತಿ ಮೊದಮೊದಲು ನಕ್ಕಳು. ಆದರೆ 'ಅಣ್ಣ ಮೋಸ ಮಾಡಿದರು' ಎಂಬ ವಾಕ್ಯವನ್ನು ಸಿಟ್ಟಿನಿಂದ ಹೇಳುವುದು ಎಷ್ಟು ಕಷ್ಟವೆಂದು ಹೇಳಿ ನೋಡಿದವರಿಗೇ ಗೊತ್ತು; ಅರ್ಧಕ್ಕೆ ಬರುವಷ್ಟರಲ್ಲಿ ಮಾತಿನ ಕಾವು ಇಳಿದಿರುತ್ತದೆ.

ಬೌದ್ಧರ ಮೈತ್ರಿ ಭಾವನೆಯನ್ನೂ ಅಭ್ಯಾಸ ಮಾಡಲು ಹೋಗಿ ಎಡವಿದೆ. ಆ ಸಂಪ್ರದಾಯದಲ್ಲಿ ಮೊದಲು ತನಗೆ, ಆಮೇಲೆ ಪ್ರಿಯರಿಗೆ, ಬಳಿಕ ಪರಿಚಯವಷ್ಟೇ ಇರುವವರಿಗೆ, ಕಡೆಗೆ ವೈರಿಗೆ ಒಳಿತನ್ನು ಹಾರೈಸುವ ಕ್ರಮವಿದೆ. ನಾನು ಅವಸರದಲ್ಲಿ ನೇರವಾಗಿ ಕಡೆಯ ಮೆಟ್ಟಿಲಿಗೆ ಹಾರಿದ್ದರಿಂದ, ಕಣ್ಣು ಮುಚ್ಚಿ ಕುಳಿತ ಕಾಲು ಗಂಟೆಯೂ ವಕೀಲರಿಗೆ ಹೇಳಬೇಕಾದ ಅಂಶಗಳೇ ನೆನಪಾದವು.

ನಿಜವಾದ ಪರೀಕ್ಷೆ ಮಳೆಗಾಲದಲ್ಲಿ ಬಂತು. ಅಣ್ಣ ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು. ಅಡಿಕೆಗೆ ಕೊಳೆರೋಗ ಬಾರದಂತೆ ಮೊದಲ ಔಷಧಿ ಹೊಡೆದು 40 ದಿನ ದಾಟಿತ್ತು, ಎರಡನೆಯ ಸಲ ಹೊಡೆಯುವ ಹೊತ್ತಾಗಿತ್ತು; ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರೂ ಅವರಿಗೆ ಸಿಕ್ಕಿರಲಿಲ್ಲ. ಕೊಳೆರೋಗ ಗಾಳಿಮಳೆಯೊಂದಿಗೆ ತೋಟದಿಂದ ತೋಟಕ್ಕೆ ದಾಟುವಂಥದ್ದು, ಅದಕ್ಕೆ ಕೋರ್ಟಿನ ತಡೆಯಾಜ್ಞೆ ತಿಳಿಯುವುದಿಲ್ಲ. ಹಾಗಾಗಿ ನನ್ನ ಕೆಲಸದಲ್ಲಿ ಸ್ವಾರ್ಥವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ತೋಟಕ್ಕೆ ಬಂದಿದ್ದ ಕೊನೆಗೌಡರನ್ನು, ಅತ್ತಿಗೆಯನ್ನು ಕೇಳಿಯೇ, ಆ ಕಡೆಗೂ ಕಳಿಸಿದೆ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಲೆಕ್ಕದಲ್ಲಿ ದ್ರಾವಣವನ್ನು ನಾನೇ ಕದಡಿಕೊಟ್ಟೆ.

ಮರುದಿನ ಅಣ್ಣ ಆಳಿನ ಕೈಯಲ್ಲಿ ತುತ್ತ, ಸುಣ್ಣ, ಕೂಲಿ ಎಲ್ಲವನ್ನೂ ಲೆಕ್ಕ ಹಾಕಿ ಚಿಲ್ಲರೆ ಸಮೇತ ಹಣ ಕಳಿಸಿದರು. ಒಂದು ಮಾತೂ ಇರಲಿಲ್ಲ. ನನಗೆ ಮುಖಕ್ಕೆ ಹೊಡೆದಂತಾಯಿತು. ಯಾವ ಷರತ್ತೂ ಇಲ್ಲದೆ ಮಾಡಿದೆನೆಂದುಕೊಂಡಿದ್ದವನ ಒಳಗೆ, ಅಣ್ಣ ಕರಗಬೇಕು, ಕಣ್ಣು ತೇವವಾಗಬೇಕು, ಸಾಧ್ಯವಾದರೆ ದಾವೆಯನ್ನೂ ಹಿಂತೆಗೆಯಬೇಕು ಎಂಬ ಉದ್ದನೆಯ ಪಟ್ಟಿಯೇ ಇತ್ತೆಂದು ಆಗ ತಿಳಿಯಿತು. ಹಣವನ್ನು ತಿರುಗಿ ಕಳಿಸೋಣ ಎನಿಸಿತು. ಕಳಿಸಿದ್ದರೆ ಅದು ಪ್ರೀತಿಯಾಗುತ್ತಿರಲಿಲ್ಲ, ನಾನು ದೊಡ್ಡವನೆಂದು ತೋರಿಸಿಕೊಂಡಂತಾಗುತ್ತಿತ್ತು. ಎಣಿಸಿ ಪೆಟ್ಟಿಗೆಯಲ್ಲಿಟ್ಟೆ.

ದಾವೆಯನ್ನು ನಾನೂ ಹಿಂತೆಗೆದಿಲ್ಲ. ಕಾಲುವೆ ನನ್ನದೆಂಬ ನಂಬಿಕೆ ಹಾಗೆಯೇ ಇದೆ, ಅದನ್ನು ನ್ಯಾಯಾಲಯ ತೀರ್ಮಾನಿಸಲಿ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಸಾಗರಕ್ಕೆ ಹೋಗುತ್ತೇವೆ. ಅಣ್ಣ ಮುಂದೆ ಕೂರುತ್ತಾರೆ, ನಾನು ಹಿಂದೆ. ಕಳೆದ ಸಲ ಬಸ್ಸು ಹತ್ತುವಾಗ ಅವರ ಕೈಚೀಲವನ್ನು ಹಿಡಿದುಕೊಂಡೆ. ಮುರಿದ ಕೈ ಇನ್ನೂ ಸರಿಯಾಗಿ ಮಡಚುವುದಿಲ್ಲ. ಹತ್ತಿದ ಮೇಲೆ ಚೀಲ ಇಸಿದುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತರು.